ಹ್ಯಾಂಡಲ್ ಕಚ್ಚುತ್ತಿದೆ: ಸಿಟಿ ಮಾರ್ಕೆಟ್ಟು, ಅಪ್ಪನ ಜಾವಾ ಮತ್ತು ಒಂದು ಕೋನ್ ಸೆಟ್ಟು

ಮಿನ್ನೆಸೋಟಾದಲ್ಲಿರುವ ನನ್ನ ಹೈಸ್ಕೂಲ್ ಗೆಳೆಯ ಹೋದ ಚಳಿಗಾಲದಲ್ಲಿ ಒಂದು ಫೋಟೋ ಕಳಿಸಿದ್ದ. ಮಂಡಿಯುದ್ದ ಹಿಮ, ನಡುವೆ ಅವನ ಸ್ನೋಮೊಬೈಲು, ಮುಂದಿನ ಮುಚ್ಚಳ ತೆಗೆದಿಟ್ಟು ಪಕ್ಕದಲ್ಲಿ ಎರಡು ಕಬ್ಬಿಣದ ಸರಳು. ಒಂದು ಬಾಳೆಹಣ್ಣಿನ ಹಾಗೆ ಬಾಗಿದೆ. ಇನ್ನೊಂದು ಹೊಸದು, ದಪ್ಪಗಿದೆ. ಜೊತೆಗೆ ಒಂದು ಸಾಲು: "ಕಲ್ಲಿಗೆ ಹೊಡೆದು ಟೈ ರಾಡ್ ಬಾಗಿತು ಕಣೋ. ಈ ಸಲ ಹೊರಗಡೆಯದ್ದು, ಗಟ್ಟಿದು ಹಾಕ್ತಿದೀನಿ. ನಮ್ಮ ಜೆ.ಸಿ. ರೋಡ್ ಇಲ್ಲಿದ್ದಿದ್ರೆ ಅರ್ಧ ದಿನದ ಕೆಲಸ!"

ಸ್ನೋಮೊಬೈಲು ನೋಡದವರಿಗೆ: ಅದು ಹಿಮದ ಮೇಲೆ ಓಡೋ ಬೈಕು. ಹಿಂದೆ ಯುದ್ಧದ ಟ್ಯಾಂಕಿನ ಥರ ಪಟ್ಟಿ, ಮುಂದೆ ಚಕ್ರದ ಬದಲು ಎರಡು ಹಿಮಪಾದುಕೆ. ಹ್ಯಾಂಡಲ್ ತಿರುಗಿಸಿದರೆ ಕೆಳಗಿನ ಟೈ ರಾಡುಗಳು ಆ ಪಾದುಕೆಗಳನ್ನು ತಿರುಗಿಸುತ್ತವೆ. ಕೆನಡಾದ ಕ್ವಿಬೆಕ್‌ನಲ್ಲಿ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೇ ಅನ್ನೋ ಮೆಕ್ಯಾನಿಕ್ಕು ಮಾಡಿದ ಸ್ಕೀ-ಡೂ 1959ರಲ್ಲಿ ಮಾರಾಟಕ್ಕೆ ಬಂತು. 1934ರ ಚಳಿಗಾಲದಲ್ಲಿ ದಾರಿ ಹಿಮದಲ್ಲಿ ಮುಚ್ಚಿಹೋಗಿ, ಕಾಯಿಲೆ ಬಿದ್ದ ಸ್ವಂತ ಮಗುವನ್ನು ಆಸ್ಪತ್ರೆಗೆ ಸೇರಿಸಲಾಗದೆ ಕಳೆದುಕೊಂಡ ಮನುಷ್ಯ ಆತ. ಹಿಮದ ಮೇಲೆ ಓಡುವ ಗಾಡಿಯ ಹಿಂದೆ ಅಂಥದ್ದೊಂದು ಸಂಕಟ ಇತ್ತು.

ಗೆಳೆಯನಿಗೆ ನಗುಮುಖ ಹಾಕಿ ಉತ್ತರ ಕಳಿಸಿದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಚಾಮರಾಜಪೇಟೆಯ ನಮ್ಮನೆ ಹಿತ್ತಿಲಲ್ಲಿ, ಟಾರ್ಪಾಲಿನ ಕೆಳಗೆ, 1998ರಿಂದ ಒಂದು ಗಾಡಿ ನಿಂತಿದೆ. ಅದರ ಹ್ಯಾಂಡಲ್ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಇವತ್ತು ಹೇಳ್ತೀನಿ. ಅದಕ್ಕೆ ಮೊದಲು ಸ್ವಲ್ಪ ಚರಿತ್ರೆ ಕೇಳಿಸಿಕೊಳ್ಳಬೇಕು, ಬೇಜಾರು ಮಾಡ್ಕೋಬೇಡಿ :-)

ಗಟ್ಟಿ ಸಾಮಾನಿನ ಊರು

ನಮ್ಮ ಮನೆಯಿಂದ ಕೃಷ್ಣರಾಜ ಮಾರುಕಟ್ಟೆಗೆ ನಡೆದುಕೊಂಡೇ ಹೋಗಬಹುದು. ಕೋಟೆ ಹೈಸ್ಕೂಲು, ಟಿಪ್ಪು ಅರಮನೆ, ಕೋಟೆ ವೆಂಕಟರಮಣ ಸ್ವಾಮಿ ಗುಡಿ, ವಿಕ್ಟೋರಿಯಾ ಆಸ್ಪತ್ರೆ ದಾಟಿದರೆ ಹೂವಿನ ವಾಸನೆ ಶುರು. ಹೆಸರು ನಾಲ್ವಡಿ ಕೃಷ್ಣರಾಜ ಒಡೆಯರದ್ದು, ಕಟ್ಟಡ 1921ರದ್ದು. ನಮಗೆಲ್ಲ ಮಾತ್ರ ಅದು ಸಿಟಿ ಮಾರ್ಕೆಟ್ಟೇ. ಅದಕ್ಕೂ ಮೊದಲು ಅಲ್ಲಿದ್ದದ್ದು ಒಂದು ಕಟ್ಟೆ, ಸಿದ್ದಿಕಟ್ಟೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯ 7ನೇ ತಾರೀಖು ಪೇಟೆಯನ್ನೂ, 21ರ ರಾತ್ರಿ ಕೋಟೆಯನ್ನೂ ಹಿಡಿದಾಗ ರಕ್ತ ಹರಿದದ್ದು ಇದೇ ಆಸುಪಾಸಿನಲ್ಲಿ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಾಗ ಮೊದಲ ಬೀದಿದೀಪ ಕಂಡ ಜಾಗಗಳಲ್ಲಿ ಇದೂ ಒಂದು.

ಮಾರ್ಕೆಟ್ ಅಂದರೆ ಹೂವು, ತರಕಾರಿ, ಬಾಳೆಲೆ ಅಂತ ಬರೆಯುವವರೇ ಹೆಚ್ಚು. ಅದರ ಬೆನ್ನಿಗಂಟಿಕೊಂಡಿರೋ ಕಬ್ಬಿಣದ ಲೋಕದ ಬಗ್ಗೆ ಬರೆಯುವವರು ಕಡಿಮೆ. ಮಗ್ಗುಲಲ್ಲೇ ತಾರಾಮಂಡಲ ಪೇಟೆ ಇದೆ. ಟಿಪ್ಪು ಕಾಲದ ರಾಕೆಟ್ಟಿನ ನೆನಪು ಆ ಹೆಸರಿನಲ್ಲಿದೆ ಅನ್ನುತ್ತಾರೆ. ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ರಾಕೆಟ್ಟುಗಳ ಬಗ್ಗೆ ಒಂದು ಒಳ್ಳೆಯ ಪ್ರಬಂಧ ಬರೆದರು. ಆ ರಾಕೆಟ್ಟುಗಳ ಗುಟ್ಟು ಮದ್ದಿನಲ್ಲಿದ್ದದ್ದಕ್ಕಿಂತ ಹೆಚ್ಚಾಗಿ ಕೊಳವೆಯಲ್ಲಿತ್ತು. ಕಾಗದ, ಬಿದಿರಿನ ಕೊಳವೆಯಾದರೆ ಒಳಗಿನ ಒತ್ತಡ ಸ್ವಲ್ಪ ಏರಿದರೂ ಒಡೆಯುತ್ತೆ. ಕಬ್ಬಿಣದ ಕೊಳವೆಯಾದರೆ ಮದ್ದನ್ನು ಬಿಗಿಯಾಗಿ ತುಂಬಬಹುದು, ಹೆಚ್ಚು ದೂರ ಹಾರಿಸಬಹುದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಇಂಥ ಕೊಳವೆಗಳು ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ, ಪೇಪರಿನಲ್ಲಿ ಓದಿರುತ್ತೀರಿ. ಸೋಲುವ ಭಾಗ ಯಾವುದು ಅಂತ ಹುಡುಕಿ ಅದನ್ನು ಗಟ್ಟಿ ಮಾಡೋದು! ಇವತ್ತು ಕಲಾಸಿಪಾಳ್ಯದ ಮೇಸ್ತ್ರಿ ಮಾಡೋದೂ ಅದನ್ನೇ.

ಇಪ್ಪತ್ತನೇ ಶತಮಾನದಲ್ಲಿ ಈ ಕಬ್ಬಿಣದ ಲೋಕ ಬೆಳೆದದ್ದು ಮೂರು ಕಾರಣಕ್ಕೆ ಅಂತ ನನ್ನ ಲೆಕ್ಕ. ಮೊದಲನೆಯದು ಕಲಾಸಿಪಾಳ್ಯದ ಖಾಸಗಿ ಬಸ್ಸುಗಳು. ಬಸ್ಸು ನಿಂತ ಕಡೆ ರಿಪೇರಿ, ರಿಪೇರಿ ಇದ್ದ ಕಡೆ ಬಿಡಿಭಾಗದ ಅಂಗಡಿ. ಎರಡನೆಯದು ಕಾರ್ಖಾನೆಗಳು: 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1951ರಲ್ಲಿ ಮೈಕೋ, 1953ರಲ್ಲಿ ಎಚ್.ಎಂ.ಟಿ. ಲೇತ್ ಮುಂದೆ ನಿಂತು ಕೂದಲೆಳೆಯಷ್ಟು ಲೆಕ್ಕ ಹಿಡಿಯೋ ಟರ್ನರುಗಳು, ಫಿಟ್ಟರುಗಳು ಈ ಊರಲ್ಲಿ ಸಾವಿರಗಟ್ಟಲೆ ತಯಾರಾದರು. ಮೂರನೆಯದು ಲೈಸೆನ್ಸ್ ರಾಜ್. ಹೊರದೇಶದ ಸಾಮಾನು ತರಿಸೋದು ಕಷ್ಟ, ಕಂಪೆನಿ ಸಾಮಾನಿಗೆ ಕಾಯಬೇಕು. ಕಾಯೋಕಾಗದವನು ಲೇತ್ ಅಂಗಡಿಗೆ ಹೋಗುತ್ತಿದ್ದ.

ಹೀಗೆ ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ಲಿನವರೆಗೆ ಜೆ.ಸಿ. ರಸ್ತೆ ಆಟೋಮೊಬೈಲ್ ಬಿಡಿಭಾಗಗಳ ರಸ್ತೆಯಾಯಿತು. ಎಸ್.ಜೆ.ಪಿ. ರಸ್ತೆ ಅಂದರೆ ಸಿಲ್ವರ್ ಜ್ಯೂಬಿಲಿ ಪಾರ್ಕ್ ರಸ್ತೆ, 1927ರಲ್ಲಿ ಮಹಾರಾಜರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿನ ಹೆಸರು. ಪಾರ್ಕು ಹುಡುಕಬೇಡಿ, ಕಾಣೋದೆಲ್ಲ ಹಾರ್ಡ್‌ವೇರು, ಮೋಟರು, ಪಂಪು, ಬೇರಿಂಗು! ಭಾನುವಾರ ಬೆಳಿಗ್ಗೆ ಅದೇ ಬೀದಿಯಂಚಿನಲ್ಲಿ ಸಂಡೆ ಬಜಾರು. ಗೋಣಿತಾಟಿನ ಮೇಲೆ ಹಳೇ ಸ್ಪ್ಯಾನರು, ಕಾರ್ಬುರೇಟರು, ಯಾವ ಗಾಡಿಯದ್ದೋ ಹೆಡ್‌ಲೈಟು. 1999ರಲ್ಲಿ ತಲೆ ಮೇಲೆ ಸಿರ್ಸಿ ಸರ್ಕಲ್ ಕಡೆಯ ಮೇಲ್ಸೇತುವೆ ಬಂತು, 2017ರಲ್ಲಿ ನೆಲದ ಕೆಳಗೆ ಮೆಟ್ರೋ ಬಂತು. ಮಧ್ಯದಲ್ಲಿ ಸುತ್ತಿಗೆ ಸದ್ದು ಮಾತ್ರ ನಿಂತಿಲ್ಲ.

ಗುಂಡಿನಿಂದ ರೋಲರಿಗೆ

ಈಗ ಹ್ಯಾಂಡಲ್ಲಿಗೆ ಬರೋಣ. ನಿಮ್ಮ ಬೈಕಿನ ಹ್ಯಾಂಡಲ್ ತಿರುಗೋದು ಯಾವುದರ ಮೇಲೆ ಅಂತ ಯಾವತ್ತಾದರೂ ಯೋಚಿಸಿದೀರಾ? ಟ್ಯಾಂಕಿನ ಮುಂದೆ, ಫ್ರೇಮಿನ ಮೂತಿಯಲ್ಲಿ ಒಂದು ದಪ್ಪ ಕೊಳವೆ ಇರುತ್ತೆ. ಅದರ ಮೇಲೊಂದು ಕೆಳಗೊಂದು ಬಟ್ಟಲು, ಬಟ್ಟಲಿನಲ್ಲಿ ಉಕ್ಕಿನ ಗುಂಡುಗಳು, ಗುಂಡಿನ ಮೇಲೆ ಕೋನು. ಇದಕ್ಕೇ ಮೆಕ್ಯಾನಿಕ್ಕುಗಳು ಕೋನ್ ಸೆಟ್ ಅನ್ನೋದು. ಇಡೀ ಮುಂದಿನ ಚಕ್ರದ ಏಟು ಈ ಗುಂಡುಗಳ ಮೂಲಕವೇ ಗಾಡಿಗೆ ದಾಟಬೇಕು.

ಇದು ಸೈಕಲ್ಲಿನಿಂದ ಬಂದ ಆಸ್ತಿ. ಪ್ಯಾರಿಸಿನ ಜೂಲ್ ಸುರಿರೇ 1869ರಲ್ಲಿ ಸೈಕಲ್ಲಿಗೆ ಬಾಲ್ ಬೇರಿಂಗಿನ ಪೇಟೆಂಟು ತೆಗೆದ. ಅದೇ ವರ್ಷ ಪ್ಯಾರಿಸ್-ರುವಾನ್ ರೇಸ್ ಗೆದ್ದ ಜೇಮ್ಸ್ ಮೂರ್ ಓಡಿಸಿದ್ದು ಅಂಥ ಬೇರಿಂಗಿದ್ದ ಸೈಕಲ್ಲನ್ನ. 1883ರಲ್ಲಿ ಜರ್ಮನಿಯ ಫ್ರೆಡ್ರಿಕ್ ಫಿಷರ್ ಗುಂಡುಗಳನ್ನು ಒಂದೇ ಅಳತೆಗೆ ಉಜ್ಜುವ ಯಂತ್ರ ಮಾಡಿದ ಮೇಲೆ ಗುಂಡು ಅಗ್ಗವಾಯಿತು. ಆಮೇಲೆ ಸೈಕಲ್ಲಿಗೇ ಇಂಜಿನ್ನು ಕೂರಿಸಿದ್ದು ತಾನೇ ಮೋಟರ್ ಸೈಕಲ್ಲು? ತೂಕ ಹತ್ತು ಪಟ್ಟಾಯಿತು, ವೇಗ ಏರಿತು, ಕುತ್ತಿಗೆಯ ಗುಂಡು ಮಾತ್ರ ಹಾಗೇ ಮುಂದುವರಿಯಿತು.

ತೊಂದರೆ ಇರೋದು ಎಲ್ಲಿ ಗೊತ್ತಾ? ಚಕ್ರದ ಬೇರಿಂಗು ಸುತ್ತುತ್ತಲೇ ಇರುತ್ತೆ, ಸವೆತ ಎಲ್ಲಾ ಕಡೆ ಸಮ. ಹ್ಯಾಂಡಲ್ ಬೇರಿಂಗು ಹಾಗಲ್ಲ. ನೇರ ಹೋಗುವಾಗ ಪ್ರತಿ ಗುಂಡೂ ಬಟ್ಟಲಿನ ಅದೇ ಜಾಗದಲ್ಲಿ ಕೂತಿರುತ್ತೆ. ಬೆಂಗಳೂರಿನ ರಸ್ತೆ ಗುಂಡಿ ಕೆಳಗಿನಿಂದ ಕುಟ್ಟುತ್ತೆ. ಗುಂಡು ಬಟ್ಟಲನ್ನು ಮುಟ್ಟುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ, ಇಡೀ ಏಟು ಆ ಚುಕ್ಕೆಯ ಮೇಲೆ. ವರ್ಷಗಟ್ಟಲೆ ಕುಟ್ಟಿಸಿಕೊಂಡು ಬಟ್ಟಲಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತೆ, ಚನ್ನೆಮಣೆ ಥರ. ಇಂಜಿನಿಯರುಗಳು ಇದಕ್ಕೆ ಬ್ರಿನೆಲಿಂಗ್ ಅನ್ನುತ್ತಾರೆ. ಗಟ್ಟಿ ಗುಂಡನ್ನು ಲೋಹಕ್ಕೆ ಒತ್ತಿ, ಬಿದ್ದ ಗುಳಿ ಅಳೆದು ಲೋಹದ ಗಡಸುತನ ಹೇಳುವ ವಿಧಾನವನ್ನು 1900ರಲ್ಲಿ ತೋರಿಸಿಕೊಟ್ಟ ಸ್ವೀಡನ್ನಿನ ಬ್ರಿನೆಲ್ ಹೆಸರಿನಿಂದ ಬಂದದ್ದು. ಗುಳಿ ಬಿದ್ದ ಮೇಲೆ ಹ್ಯಾಂಡಲ್ ನಡುವೆ ಬಂದಾಗ ಗುಂಡುಗಳು ಗುಳಿಗೆ ಇಳಿದು ಕೂತುಬಿಡುತ್ತವೆ. ಹ್ಯಾಂಡಲ್ "ಕಚ್ಚುತ್ತೆ". ಸೂಕ್ಷ್ಮವಾಗಿ ತಿರುಗಿಸೋಕೆ ಹೋದರೆ ಮೊದಲು ಬರೋದಿಲ್ಲ, ಆಮೇಲೆ ಒಮ್ಮೆಲೇ ಜಾಸ್ತಿ ಬರುತ್ತೆ.

ಇದಕ್ಕೆ ಔಷಧಿ ಕುದುರೆಗಾಡಿಯಿಂದ ಬಂತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸಾರೋಟು ಮಾಡುತ್ತಿದ್ದ ಹೆನ್ರಿ ಟಿಮ್ಕನ್ 1898ರಲ್ಲಿ ಟೇಪರ್ ರೋಲರ್ ಬೇರಿಂಗಿಗೆ ಪೇಟೆಂಟು ಪಡೆದ. ಗುಂಡಿನ ಬದಲು ಒಂದು ಕಡೆ ಸಣ್ಣಗಾಗುತ್ತಾ ಹೋಗುವ ರೋಲರುಗಳು, ಓರೆಯಾಗಿ ಜೋಡಿಸಿದ್ದು. ರೋಲರು ಮುಟ್ಟುವುದು ಚುಕ್ಕೆಯಲ್ಲಲ್ಲ, ಗೆರೆಯುದ್ದಕ್ಕೂ. ಮೇಲಿನಿಂದ ಬರುವ ಭಾರ, ಪಕ್ಕದಿಂದ ಬರುವ ತಳ್ಳಾಟ ಎರಡನ್ನೂ ಒಟ್ಟಿಗೆ ಹೊರುತ್ತೆ. ನಮ್ಮಲ್ಲಿ ಜೈಪುರದಲ್ಲಿ 1946ರಲ್ಲಿ ಬೇರಿಂಗ್ ಕಾರ್ಖಾನೆ ಹುಟ್ಟಿತು. ಲಾರಿ ಚಕ್ರದ ಹಬ್ಬಿನಲ್ಲಿ ಟೇಪರ್ ಬೇರಿಂಗು ಹಾಕಿ ಹಾಕಿ ಅಭ್ಯಾಸವಾದ ಕಲಾಸಿಪಾಳ್ಯದ ಕೈಗಳಿಗೆ, ಇದನ್ನೇ ಬೈಕಿನ ಕುತ್ತಿಗೆಗೂ ಯಾಕೆ ಹಾಕಬಾರದು ಅಂತ ಹೊಳೆದದ್ದರಲ್ಲಿ ಆಶ್ಚರ್ಯ ಇಲ್ಲ. ಈಗಂತೂ ಕೆಲವು ಬೈಕುಗಳು ಕಾರ್ಖಾನೆಯಿಂದಲೇ ಟೇಪರ್ ಜೊತೆ ಬರುತ್ತವೆ.

ಮೈಸೂರಿನ ಗಾಡಿ

ಅಪ್ಪನ ಗಾಡಿ 1972ರ ಜಾವಾ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದ್ದು. ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ ರುಸ್ತುಂ ಇರಾನಿ, ಫಾರೂಕ್ ಇರಾನಿ ಶುರು ಮಾಡಿದ ಕಾರ್ಖಾನೆ, ಉದ್ಘಾಟನೆ 1961ರಲ್ಲಿ. ಮೂಲ ಜೆಕೊಸ್ಲೊವಾಕಿಯದ್ದು. 1929ರಲ್ಲಿ ಯಾನೆಚೆಕ್ ಅನ್ನುವವನು ವಾಂಡರರ್ ಕಂಪೆನಿಯ ಬೈಕು ವಿಭಾಗ ಕೊಂಡು, ಎರಡೂ ಹೆಸರಿನ ಮೊದಲಕ್ಷರ ಕೂಡಿಸಿ ಇಟ್ಟ ಹೆಸರು ಜಾವಾ. 1973ರಿಂದ ನಮ್ಮಲ್ಲಿ ಅದು ಯೆಜ್ಡಿ ಆಯಿತು. ಕಿಕ್ಕರ್ ಲಿವರನ್ನೇ ಮಡಚಿದರೆ ಗೇರ್ ಲಿವರು! ಆ ಜಾಣತನಕ್ಕೆ ಮನಸೋಲದ ಹುಡುಗನಿರಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು, ಆದರೆ ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ.

1998. ನನಗೆ ಇಪ್ಪತ್ತು ವರ್ಷ. ಅಪ್ಪ ಬ್ರೇಕ್ ಹಿಡಿದಾಗ ಮುಂದುಗಡೆ "ಟಕ್ ಟಕ್" ಅನ್ನುತ್ತಿತ್ತು. ಒಂದು ಶನಿವಾರ 250 ರೂಪಾಯಿ ಕೈಗಿಟ್ಟು, "ಮಾರ್ಕೆಟ್ ಹತ್ರ ತಗೊಂಡೋಗಿ ಕೋನ್ ಸೆಟ್ ಹಾಕಿಸ್ಕೊಂಡು ಬಾರೋ" ಅಂದರು. ನಾನು ಗೆಳೆಯರ ಜೊತೆ ಕೆ.ಜಿ. ರಸ್ತೆಯಲ್ಲಿ ಸಿನಿಮಾ ನೋಡಿದೆ, ಮಸಾಲೆ ದೋಸೆ ತಿಂದೆ. ಮನೆಗೆ ಬರೋ ಮುಂಚೆ ಒಂದು ಮರದ ಕೆಳಗೆ ನಿಲ್ಲಿಸಿ, ಸೈಕಲ್ ಶಾಪಿನವನ ಹತ್ತಿರ ಉಳಿ ಸುತ್ತಿಗೆ ಕೇಳಿ ಇಸ್ಕೊಂಡು ಮೇಲಿನ ನಟ್ಟನ್ನು ಬಡಿದು ಬಿಗಿ ಮಾಡಿದೆ. ಟಕ್ ಟಕ್ ನಿಂತಿತು. "ಹಾಕಿಸ್ದೆ ಅಪ್ಪ" ಅಂದೆ.

ಎರಡು ವಾರ ಆದಮೇಲೆ ಒಂದು ಸಂಜೆ ಮಳೆ. ನ್ಯಾಷನಲ್ ಕಾಲೇಜ್ ಸರ್ಕಲ್ಲಿನಲ್ಲಿ ಅಡ್ಡ ಬಂದ ಮಗುವನ್ನು ತಪ್ಪಿಸೋಕೆ ಹೋಗಿ ಅಪ್ಪ ಬಿದ್ದರು. ಭುಜದ ಹತ್ತಿರದ ಮೂಳೆ ಮುರಿಯಿತು. ಮಗುವಿಗೆ ಏನೂ ಆಗಲಿಲ್ಲ. "ಹ್ಯಾಂಡಲ್ಲು ಯಾಕೋ ನನ್ನ ಮಾತು ಕೇಳಲಿಲ್ಲ, ವಯಸ್ಸಾಯ್ತು" ಅಂದರು. ಅವರಿಗಾಗ ಐವತ್ತೆರಡು. ಆಮೇಲೆ ಆ ಗಾಡಿ ಹತ್ತಲಿಲ್ಲ.

ಬಿಚ್ಚಿದಾಗ

ಈಗ ಮಗಳು ಇಂಜಿನಿಯರಿಂಗ್ ಓದ್ತಿದಾಳೆ. "ತಾತನ ಜಾವಾ ನಂಗೆ ಬೇಕು" ಅಂತ ಹಠ. ಗೆಳೆಯನ ಫೋಟೋ ಬಂದ ವಾರವೇ ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಕಲಾಸಿಪಾಳ್ಯದ ಹಿಂದಿನ ಒಂದು ಗಲ್ಲಿಗೆ ಹೋದೆ. ಅಲ್ಲೊಬ್ಬರು ವಯಸ್ಸಾದ ಮೇಸ್ತ್ರಿ ಇದ್ದಾರೆ, ಜಾವಾ ಯೆಜ್ಡಿ ಬಿಟ್ಟು ಬೇರೆ ಮುಟ್ಟೋದಿಲ್ಲ.

ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ, ಎರಡು ಬೆರಳಲ್ಲಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದರು. ನಡುವೆ ಬಂದು ಕಟಕ್ ಅಂತ ಕೂತಿತು. ಬಿಚ್ಚಿ, ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು ನನ್ನ ಕೈಗೆ ಕೊಟ್ಟರು. ಸುತ್ತಲೂ ಗುಳಿ.

"ಇದು ಸವೆದಿದ್ದಲ್ಲ ಸಾರ್, ಕುಟ್ಟಿದ್ದು. ಅದರ ಮೇಲೆ ಯಾರೋ ಬಿಗೀನೂ ಮಾಡಿದಾರೆ. ನೋಡಿ, ನಟ್ ಮೇಲೆ ಉಳಿ ಗುರುತು. ಗುಳಿ ಬಿದ್ದಮೇಲೆ ಬಿಗಿ ಮಾಡಿದ್ರೆ ಸೌಂಡ್ ನಿಲ್ಲುತ್ತೆ, ಹ್ಯಾಂಡಲ್ ಇನ್ನೂ ಕಚ್ಚುತ್ತೆ. ಯಾರ್ ಸಾರ್ ಆ ಪುಣ್ಯಾತ್ಮ?"

ನಾನು ಬಾಯಿ ಬಿಡಲಿಲ್ಲ. ನನ್ನ ಉಳಿಯ ಗುರುತು ಅಷ್ಟು ವರ್ಷ ಅಲ್ಲೇ ಕಾದು ಕೂತಿತ್ತು.

ಟೇಪರ್ ಬೇರಿಂಗೇ ಹಾಕೋಣ ಅಂತಾಯಿತು. ಸುಲಭ ಅಂದುಕೊಂಡಿದ್ದೆ. ನಾನು ಹೋಗಿ ತಂದ ಮೊದಲನೇ ಜೋಡಿಯನ್ನು ಮೇಸ್ತ್ರಿ ಬೆಳಕಿಗೆ ಹಿಡಿದು, "ಡಬ್ಬ ಒರಿಜಿನಲ್ಲು, ಒಳಗಿರೋದು ಡೂಪ್ಲಿಕೇಟು" ಅಂತ ವಾಪಸ್ ಕೊಟ್ಟರು. ಅಕ್ಷರ ಮಂಕು, ರೋಲರಿನ ಮೇಲೆ ಉಜ್ಜಿದ ಗೆರೆ. ಎರಡನೇ ಸಲ ಅವರ ಹುಡುಗನನ್ನೇ ಕಳಿಸಿದೆ.

ಆಮೇಲೆ ಅಳತೆ. ಹಳೇ ಬಟ್ಟಲಿನ ಹೊರಸುತ್ತು ಒಂದು, ಹೊಸ ಬೇರಿಂಗಿನದ್ದು ಇನ್ನೊಂದು. ವರ್ನಿಯರ್ ಹಿಡಿದು ಅಳೆದು, ಪಕ್ಕದ ಲೇತಿನಲ್ಲಿ ಉಕ್ಕಿನ ಬಳೆ ತಿರುಗಿಸಿ ಕೂರಿಸಬೇಕಾಯಿತು. ಎತ್ತರವೂ ಬೇರೆ. ಟೇಪರ್ ಜೋಡಿ ಎತ್ತರ ಜಾಸ್ತಿಯಾದರೆ ಮೇಲಿನ ನಟ್ಟಿಗೆ ಸಾಕಷ್ಟು ಮರೆ ಸಿಗೋದಿಲ್ಲ, ಕಡಿಮೆಯಾದರೆ ಫೋರ್ಕು ಫ್ರೇಮಿಗೆ ತಾಗುತ್ತೆ. ಕೆಲವರು ಬಳೆ ಸಡಿಲವಾದರೆ ಜ್ಯೂಸ್ ಡಬ್ಬದ ತಗಡು ಕತ್ತರಿಸಿ ಸಂದಿಗೆ ತುರುಕುತ್ತಾರಂತೆ. ಅದು ಒಂದು ಮಳೆಗಾಲದ ಆಟ, ಅಷ್ಟೇ. ಬಟ್ಟಲನ್ನು ಸುತ್ತಿಗೆಯಲ್ಲಿ ಬಡಿಯದೆ, ಉದ್ದನೆ ಬೋಲ್ಟು ವಾಷರು ಹಾಕಿ ಎಳೆದು ಕೂರಿಸಿದರು. ಗ್ರೀಸು ರೋಲರಿನ ನಡುನಡುವೆ ಅಂಗೈಯಲ್ಲಿ ಒತ್ತಿ ತುಂಬಿಸಿದರು.

ಮೊದಲ ಸವಾರಿಯಲ್ಲಿ ಗಾಡಿ ನಿಧಾನಕ್ಕೆ ಹೋಗುವಾಗ ಹಾವಿನ ಹಾಗೆ ಆ ಕಡೆ ಈ ಕಡೆ. ನನಗೆ ಗಾಬರಿ. "ಬಿಗಿ ಜಾಸ್ತಿ ಆಗಿದೆ ಸಾರ್. ರೋಲರ್ ಕೂರೋಕೆ ಮೊದಲು ಬಿಗಿ ಮಾಡ್ಬೇಕು, ಕೂತಮೇಲೆ ಬಿಡ್ಬೇಕು" ಅಂತ ಕಾಲು ಸುತ್ತಿಗಿಂತ ಕಮ್ಮಿ ಸಡಿಲಿಸಿದರು. ಹ್ಯಾಂಡಲ್ ತಾನಾಗೇ ತನ್ನ ಭಾರಕ್ಕೆ ಎರಡೂ ಕಡೆ ಬೀಳಬೇಕು, ಹಿಂದೆ ಮುಂದೆ ಅಲ್ಲಾಡಿಸಿದರೆ ಒಂದು ಚೂರೂ ಆಟ ಇರಬಾರದು. ಇದೇ ಪರೀಕ್ಷೆ. ಸಡಿಲ ಬಿಟ್ಟರೆ ವೇಗದಲ್ಲಿ ಹ್ಯಾಂಡಲ್ ಹೊಡಕೊಳ್ಳುತ್ತೆ, ಬಿಗಿ ಮಾಡಿದರೆ ನಿಧಾನದಲ್ಲಿ ಎಳೆಯುತ್ತೆ.

ಉತ್ಸಾಹದಲ್ಲಿ ಕೇಳಿದೆ: "ಹಾಗೇ ಹೊಸ ಗಾಡಿಯ ದಪ್ಪ ಫೋರ್ಕೂ ಹಾಕಿಬಿಡೋಣ್ವಾ ಮೇಸ್ತ್ರಿ?"

"ಬೇಡ ಸಾರ್. ಎಲ್ಲಾ ಗಟ್ಟಿ ಮಾಡಿದ್ರೆ ಏಟು ಎಲ್ಲಿಗೆ ಹೋಗುತ್ತೆ? ಫ್ರೇಮಿಗೆ. ಫೋರ್ಕ್ ಬಾಗಿದ್ರೆ ನಾನು ಸರಿ ಮಾಡ್ತೀನಿ. ಫ್ರೇಮ್ ಬಿರುಕು ಬಿಟ್ರೆ ಗಾಡಿ ಗುಜರಿಗೆ."

ಗೆಳೆಯನಿಗೆ ಅದೇ ರಾತ್ರಿ ಬರೆದೆ. ಟೈ ರಾಡ್ ಬಾಗಿದ್ದು ಕೆಟ್ಟದ್ದೇನಲ್ಲ ಮಾರಾಯ, ಅದು ಬಾಗಿದ್ದಕ್ಕೇ ಗಾಡಿಯ ಮೂತಿ ಉಳೀತು. ಗಟ್ಟಿದು ಹಾಕಿದ ಮೇಲೆ ಮುಂದಿನ ಕಲ್ಲಿನ ಏಟು ಎಲ್ಲಿಗೆ ಹೋಗುತ್ತೆ ಅಂತ ಒಮ್ಮೆ ನೋಡ್ಕೋ. ಬೊಗ್ಗಿ ನೋಡಿ ಉತ್ತರ ಬರೆದ: ಬೋಲ್ಟ್ ಕೂರೋ ಜಾಗದಲ್ಲಿ ಆಗಲೇ ಸಣ್ಣ ಬಿರುಕಿದೆಯಂತೆ.

ಗಾಡಿ ಮನೆಗೆ ಬಂದ ದಿನ ಅಪ್ಪನನ್ನು ಹಿತ್ತಿಲಿಗೆ ಕರೆದುಕೊಂಡು ಹೋದೆ. ಎಪ್ಪತ್ತೆಂಟು ದಾಟಿದೆ. ಸೆಂಟರ್ ಸ್ಟ್ಯಾಂಡ್ ಮೇಲೆ ಗಾಡಿ, ಅದರ ಮೇಲೆ ಅಪ್ಪ. ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದರು. ನಡುವೆ ಎಲ್ಲೂ ನಿಲ್ಲಲಿಲ್ಲ. ನಾನು ಜೇಬಿನಿಂದ ಹಳೇ ನಟ್ಟು ತೆಗೆದು ಅವರ ಕೈಯಲ್ಲಿಟ್ಟು ಎಲ್ಲ ಹೇಳಿದೆ. ಸಿನಿಮಾ, ದೋಸೆ, ಉಳಿ, ಸುಳ್ಳು.

ಅಪ್ಪ ನಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವತ್ತು ಮಳೇನೂ ಇತ್ತಲ್ಲೋ" ಅಂದರು. ಗಾಡಿಯಿಂದ ಇಳಿದು ಒಳಗೆ ಹೋಗುತ್ತಾ ಬಾಗಿಲ ಹತ್ತಿರ ನಿಂತು ಮೊಮ್ಮಗಳಿಗೆ ಹೇಳಿದರು: "ಸಾವಿರ ಕಿಲೋಮೀಟರ್ ಆದಮೇಲೆ ಆ ನಟ್ ಒಂದ್ಸಲ ನೋಡಿಸಮ್ಮ. ನೀನೇ ಮುಂದೆ ನಿಂತ್ಕೊಂಡು ನೋಡಿಸು. ನಿಮ್ಮಪ್ಪನ್ನ ಕಳಿಸಬೇಡ."

ಅಷ್ಟೇ ಕಥೆ. ನಿಮ್ಮ ಮನೆಯಲ್ಲೂ ಟಾರ್ಪಾಲಿನ ಕೆಳಗೆ ಯಾವುದಾದರೂ ಗಾಡಿ ನಿಂತಿದೆಯಾ? ಇದ್ದರೆ ಈ ಭಾನುವಾರ ಮುಂದಿನ ಚಕ್ರ ಎತ್ತಿ, ಎರಡು ಬೆರಳಲ್ಲಿ ಹ್ಯಾಂಡಲ್ ತಿರುಗಿಸಿ ನೋಡಿ. ನಡುವೆ ಕಚ್ಚಿದರೆ ಮಾರ್ಕೆಟ್ಟಿಗೆ ಹೊರಡಿ. ಬರುವಾಗ ಒಂದು ಮೊಳ ಮಲ್ಲಿಗೆ ತರೋದು ಮರೀಬೇಡಿ :-)